ನಿಧಾನವಾಯಿತೆಂದು ಫೋಟೋ ಅಳಿಸಬೇಡಿ



ನಿಮ್ಮ ಮನೆಯ ಫೋಟೋಗಳು ಈಗ ಎಲ್ಲಿವೆ? ಈ ಪ್ರಶ್ನೆಯನ್ನು ನಮ್ಮ ತಾಯಂದಿರಲ್ಲಿ ಕೇಳಿದ್ದರೆ ಎದ್ದು ಹೋಗಿ ಕಪಾಟಿನಿಂದ ಒಂದು ಆಲ್ಬಮ್ ತಂದು ಮುಂದಿಡುತ್ತಿದ್ದರು. ಇಂದು ಕೇಳಿದರೆ ನಾವು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ. ಕೆಲವು ಮೊಬೈಲಿನಲ್ಲಿವೆ, ಕೆಲವು ಗಲ್ಫ್‌ನಿಂದ ಬಂದ ಹಾರ್ಡ್ ಡಿಸ್ಕಿನಲ್ಲಿವೆ, ಉಳಿದವು ಮೂಲೆಯಲ್ಲಿರುವ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರನ್ನು ತೆರೆದರೆ ಅದು ಬೇಗನೆ ಏನನ್ನೂ ತೋರಿಸುವುದಿಲ್ಲ. ಒಂದು ಚಿತ್ರ ಮೂಡುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ!

ಆಗ ನಾವು ಮಾಡುವುದೇನು? "ಫೋಟೋ ಜಾಸ್ತಿಯಾಯಿತು" ಎಂದು ಅಳಿಸಲು ಕುಳಿತುಕೊಳ್ಳುತ್ತೇವೆ. ಇಲ್ಲವಾದರೆ ಕಂಪ್ಯೂಟರನ್ನು ಎತ್ತಿ ಅಂಗಡಿಗೆ ಕೊಡುತ್ತೇವೆ. ಈ ಎರಡು ತಪ್ಪುಗಳನ್ನೂ ಮಾಡಿದವಳು ನಾನು.

2013ರಲ್ಲಿ ನಮ್ಮ ಮನೆಯ ಕಂಪ್ಯೂಟರ್ ಹೀಗೆಯೇ ತೆವಳತೊಡಗಿತು. ನೂರಾರು ಫೋಟೋ ಅಳಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ರಿಪೇರಿ ಅಂಗಡಿಯೊಂದಕ್ಕೆ ಕಳುಹಿಸಿದೆ. ಮೂರು ದಿನಗಳ ನಂತರ ಮರಳಿ ಬಂದಾಗ ಅದು ಹೊಸದರಂತೆ ಓಡುತ್ತಿತ್ತು. ಆದರೆ ಫೋಟೋಗಳ ಫೋಲ್ಡರ್ ಇರಲಿಲ್ಲ. "ಫಾರ್ಮ್ಯಾಟ್ ಮಾಡಿದ್ದೇನೆ ಟೀಚರ್, ಒಳಗೆ ಬೇಕಾದದ್ದು ಇದೆ ಎಂದು ನೀವು ಹೇಳಲಿಲ್ಲವಲ್ಲ" ಎಂದ ಆ ಹುಡುಗ. ಅವನು ಹೇಳಿದ್ದು ನಿಜ. ನಾನು ಹೇಳಿರಲಿಲ್ಲ. ತಂದೆಯವರು ನಮ್ಮೊಂದಿಗೆ ಕಳೆದ ಕೊನೆಯ ಈದ್‌ನ ಚಿತ್ರಗಳು ಅದರಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ.

ಅಂದು ರಾತ್ರಿ ಇನ್ನೊಂದು ಯೋಚನೆಯೂ ನಿದ್ದೆ ಕೆಡಿಸಿತು. ಮನೆಯ ಹೆಣ್ಣುಮಕ್ಕಳ ಚಿತ್ರಗಳೂ ಅದರಲ್ಲಿದ್ದವು. ಮೂರು ದಿನ ಅವು ಯಾರ ಕಣ್ಣೆದುರು ಇದ್ದವು? ಆ ಹುಡುಗನ ಮೇಲೆ ನಾನು ಆರೋಪ ಹೊರಿಸುವುದಿಲ್ಲ. ಆದರೆ ಮನೆಯೊಳಗಿನ ಚಿತ್ರಗಳು ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಯೋಚಿಸದೆ ಪರರ ಕೈಗೆ ಕೊಟ್ಟವಳು ನಾನೇ. ಅಂದಿನಿಂದ ಈ ವಿದ್ಯೆಯನ್ನು ಸ್ವಲ್ಪವಾದರೂ ಕಲಿಯಲೇಬೇಕೆಂದು ನಿರ್ಧರಿಸಿದೆ. ಕಲಿತಾಗ ತಿಳಿಯಿತು, ಅದು ಅಷ್ಟೊಂದು ಕಷ್ಟದ ವಿದ್ಯೆಯೇನೂ ಅಲ್ಲ.

ಪುಸ್ತಕವೂ ರಿಜಿಸ್ಟರೂ ಬೇರೆ ಬೇರೆ

ಶಾಲೆಯ ಗ್ರಂಥಾಲಯವನ್ನು ನೆನಪಿಸಿಕೊಳ್ಳಿ. ಪುಸ್ತಕಗಳು ಕಪಾಟಿನಲ್ಲಿರುತ್ತವೆ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದನ್ನು ಮೇಜಿನ ಮೇಲಿನ ರಿಜಿಸ್ಟರ್ ಹೇಳುತ್ತದೆ. ಫೋಟೋಗಳನ್ನು ಜೋಡಿಸಿಡುವ ಹೆಚ್ಚಿನ ಸಾಫ್ಟ್‌ವೇರ್‌ಗಳು ನಡೆಯುವುದು ಹೀಗೆಯೇ. ಫೋಟೋಗಳು ತಮ್ಮ ಫೋಲ್ಡರಿನಲ್ಲಿಯೇ ಇರುತ್ತವೆ. ಸಾಫ್ಟ್‌ವೇರ್ ತನ್ನದೊಂದು ರಿಜಿಸ್ಟರ್ ಇಟ್ಟುಕೊಂಡು ಪ್ರತಿ ಚಿತ್ರದ ದಿನಾಂಕ, ಹೆಸರು, ಗುರುತುಗಳನ್ನು ಅದರಲ್ಲಿ ಬರೆದುಕೊಳ್ಳುತ್ತದೆ. ಇದನ್ನು ಡೇಟಾಬೇಸ್ ಎನ್ನುತ್ತಾರೆ. ಪ್ರತಿ ಚಿತ್ರದ ಪುಟ್ಟ ಪ್ರತಿಯೊಂದನ್ನೂ ಮಾಡಿಟ್ಟುಕೊಳ್ಳುತ್ತದೆ. ಅದಕ್ಕೆ ಥಂಬ್‌ನೇಲ್ ಎಂದು ಹೆಸರು.

ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ಏಕೆಂದರೆ ನಿಧಾನಕ್ಕೆ ಕಾರಣ ಹೆಚ್ಚಾಗಿ ಫೋಟೋಗಳಲ್ಲ. ರಿಜಿಸ್ಟರ್ ಇಟ್ಟ ಜಾಗ ಸರಿಯಿರುವುದಿಲ್ಲ, ಅಥವಾ ಅದನ್ನು ತೆರೆಯಲು ಮೇಜಿನಲ್ಲಿ ಜಾಗವಿರುವುದಿಲ್ಲ. ರಿಜಿಸ್ಟರ್ ಸಿಗುತ್ತಿಲ್ಲವೆಂದು ಪುಸ್ತಕಗಳನ್ನು ಹೊರಗೆಸೆಯುವವರು ಯಾರಾದರೂ ಇದ್ದಾರೆಯೇ?

ನಮ್ಮಲ್ಲಿ ಅನೇಕರಿಗೆ ಪಿಕಾಸಾ ನೆನಪಿರಬಹುದು. ಗೂಗಲ್ 2004ರಲ್ಲಿ ಕೊಂಡುಕೊಂಡ ಈ ಉಚಿತ ಸಾಫ್ಟ್‌ವೇರ್ ನಮ್ಮ ಎಷ್ಟೋ ಮನೆಗಳ ಆಲ್ಬಮ್ ಆಗಿತ್ತು. 2016ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಹಳೆಯ ಕಂಪ್ಯೂಟರುಗಳಲ್ಲಿ ಅದು ಇನ್ನೂ ತೆರೆದುಕೊಳ್ಳುತ್ತದೆ, ಆದರೆ ದುರಸ್ತಿ ಮಾಡುವವರಿಲ್ಲ. ಹೊಸ ಐಫೋನ್‌ಗಳು ತೆಗೆಯುವ ಹೆಚ್‌ಇಐಸಿ ಚಿತ್ರಗಳು ಅದಕ್ಕೆ ಅರ್ಥವಾಗುವುದಿಲ್ಲ. ನೀವಿನ್ನೂ ಅದನ್ನೇ ಬಳಸುತ್ತಿದ್ದರೆ ಫೋಲ್ಡರ್ ಮ್ಯಾನೇಜರ್ ತೆರೆದು ನೋಡಿ. ಇಡೀ ಕಂಪ್ಯೂಟರನ್ನು ಸದಾ ಹುಡುಕುತ್ತಿರುವಂತೆ ಬಿಟ್ಟಿದ್ದರೆ, ಫೋಟೋ ಇರುವ ಫೋಲ್ಡರ್‌ಗಳನ್ನು ಮಾತ್ರ ಉಳಿಸಿ ಉಳಿದವುಗಳ ಗುರುತು ತೆಗೆಯಿರಿ. ಇದರಿಂದ ಫೋಟೋ ಅಳಿಯುವುದಿಲ್ಲ, ರಿಜಿಸ್ಟರ್ ಮಾತ್ರ ಹಗುರವಾಗುತ್ತದೆ.

ಪಿಕಾಸಾ ನಿಂತ ಬಳಿಕ ನಾನು ಹಿಡಿದದ್ದು ಡಿಜಿಕ್ಯಾಮ್ ಎಂಬ ಸಾಫ್ಟ್‌ವೇರ್. ಇದೂ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಅದರಲ್ಲಿ ಎದುರಾದ ತೊಂದರೆಯೊಂದನ್ನು ಹೇಳುತ್ತೇನೆ.

ಒಂದು ಮಧ್ಯಾಹ್ನದ ಪಾಠ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. ಸುಮಾರು 38,000 ಫೋಟೋಗಳು. ತಂದೆ ದಮ್ಮಾಮ್‌ನಲ್ಲಿದ್ದಾಗಿನವು, ಇಬ್ಬರು ಅಕ್ಕಂದಿರ ಮದುವೆಯವು, ತೀರಿಹೋದ ಅಜ್ಜಿಯವು. "ತೆರೆಯಲು ಐದು ನಿಮಿಷ ಬೇಕು ಟೀಚರ್. ತಮ್ಮ ಅರ್ಧ ಅಳಿಸು ಎನ್ನುತ್ತಾನೆ. ಅಳಿಸಲೇ?" ಎಂದು ಕೇಳಿದಳು.

"ಒಂದನ್ನೂ ಅಳಿಸಬೇಡ. ಮೊದಲು ಪ್ರತಿ ಮಾಡು" ಎಂದೆ.

ಸಹೋದರಿಯರೇ, ಇದು ಮೊದಲ ಪಾಠ. ಯಾವ ರಿಪೇರಿಗೂ ಕೈ ಹಾಕುವ ಮೊದಲು ಫೋಟೋಗಳ ಫೋಲ್ಡರನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಸಾಫ್ಟ್‌ವೇರನ್ನು ಮುಚ್ಚಿ, ಅದರ ಡೇಟಾಬೇಸನ್ನೂ ನಕಲು ಮಾಡಿ. ನಕಲಾದ ಮೇಲೆ ನಾಲ್ಕೈದು ಚಿತ್ರಗಳನ್ನು ಅಲ್ಲಿಂದಲೇ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ನಂಬುವಂತಿಲ್ಲ.

ಎರಡನೆಯದು, ದಣಿದವರು ಯಾರೆಂದು ತಿಳಿಯುವುದು. ಜ್ವರ ಬಂದ ಮಗುವಿಗೆ ಮದ್ದು ಕೊಡುವ ಮೊದಲು ಎಲ್ಲಿ ನೋವೆಂದು ಕೇಳುತ್ತೇವಲ್ಲವೇ? ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಸಾಲುಗಳಿವೆ. ಫೋಟೋ ತೆರೆಯುವಾಗ ಯಾವುದು ನೂರರ ಸಮೀಪ ಹೋಗುತ್ತದೆಯೋ ನೋವು ಅಲ್ಲಿದೆ. ಅವಳ ಲ್ಯಾಪ್‌ಟಾಪಿನಲ್ಲಿ ಸಿಪಿಯು ಆರಾಮವಾಗಿತ್ತು. ಡಿಸ್ಕ್ ನೂರರಲ್ಲಿ ನಿಂತಿತ್ತು.

ಹುಡುಕಿದಾಗ ಮೂರು ಕಾರಣಗಳು ಸಿಕ್ಕವು.

ಮೊದಲನೆಯದು, ಡೇಟಾಬೇಸ್ ಕುಳಿತ ಜಾಗ. ಫೋಟೋಗಳೊಂದಿಗೆ ಅದನ್ನೂ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದಳು. ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆಯಿದೆ. ಅದರ ಮೇಲೆ ಒಂದು ಮುಳ್ಳು ಅತ್ತಿಂದಿತ್ತ ಓಡಬೇಕು. ದೊಡ್ಡ ಚಿತ್ರವೊಂದನ್ನು ಓದುವುದು ಅದಕ್ಕೆ ಸುಲಭ. ಆದರೆ ರಿಜಿಸ್ಟರಿನ ಸಾವಿರಾರು ಸಣ್ಣ ಸಾಲುಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕುವುದು ಕಷ್ಟ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಹಾಗಾಗಿ ಹೆಕ್ಕುವ ಕೆಲಸದಲ್ಲಿ ಅದು ಬಹಳ ಮುಂದೆ. ಅವಳ ಲ್ಯಾಪ್‌ಟಾಪಿನ ಒಳಗಿದ್ದದ್ದು ಎಸ್‌ಎಸ್‌ಡಿಯೇ! ಡಿಜಿಕ್ಯಾಮ್‌ನ ಸೆಟ್ಟಿಂಗ್ಸ್‌ನಲ್ಲಿ ಡೇಟಾಬೇಸ್ ಎಂಬ ಪುಟವಿದೆ. ಅಲ್ಲಿ ಅದರ ಜಾಗವನ್ನು ನೋಡಬಹುದು, ಬದಲಿಸಲೂಬಹುದು. ಬದಲಿಸುವಾಗ ಹಳೆಯದನ್ನು ನಕಲು ಮಾಡುವ ಆಯ್ಕೆಯನ್ನೇ ಆರಿಸಿ. ಹೊಸದನ್ನು ಆರಂಭಿಸಿದರೆ ಹಳೆಯ ಗುರುತುಗಳು ಕಾಣಿಸುವುದಿಲ್ಲ. ಫೋಟೋಗಳು ಹೊರಗಿನ ಡಿಸ್ಕಿನಲ್ಲಿಯೇ ಇರಲಿ. ಅದನ್ನು ಚುಚ್ಚುವ ಪೋರ್ಟ್ ಮಾತ್ರ ಗಮನಿಸಿ. ಹಳೆಯ ಯುಎಸ್‌ಬಿ 2ಕ್ಕಿಂತ ಯುಎಸ್‌ಬಿ 3ರ ವೇಗ ಎಷ್ಟೋ ಹೆಚ್ಚು. ಅದರ ಒಳಭಾಗ ಸಾಮಾನ್ಯವಾಗಿ ನೀಲಿಯಾಗಿರುತ್ತದೆ.

ಎರಡನೆಯದು, ಜಾಗದ ಅಭಾವ. ಲ್ಯಾಪ್‌ಟಾಪಿನ ಸಿ ಡ್ರೈವ್‌ನಲ್ಲಿ ಉಳಿದದ್ದು 6 ಜಿಬಿ ಮಾತ್ರ. ತುಂಬಿದ್ದು ಫೋಟೋಗಳಿಂದಲ್ಲ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿದ್ದ ಮದುವೆ ವೀಡಿಯೊಗಳಿಂದ. ಅವುಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದೆವು. ಲೈಟ್‌ರೂಮ್ ತಯಾರಿಸುವ ಅಡೋಬ್ ಕಂಪೆನಿ ಡಿಸ್ಕಿನ ಶೇ. 20ರಷ್ಟಾದರೂ ಖಾಲಿಯಿರಲಿ ಎಂದು ತನ್ನ ಬಳಕೆದಾರರಿಗೆ ಹೇಳುತ್ತದೆ. ನಮಗೂ ಅದು ಒಳ್ಳೆಯ ಲೆಕ್ಕ. ಡಿಜಿಕ್ಯಾಮ್‌ನಲ್ಲಿ ಇನ್ನೊಂದು ವಿಷಯವಿದೆ. ನೀವು ಅಳಿಸಿದ ಚಿತ್ರ ಅದರದೇ ಕಸದ ಬುಟ್ಟಿಗೆ ಹೋಗಿ ಕೂರುತ್ತದೆ. ಬುಟ್ಟಿಯನ್ನು ಬರಿದು ಮಾಡುವ ತನಕ ಜಾಗ ಸಿಗುವುದಿಲ್ಲ. ಅಳಿಸಿ ಅಳಿಸಿ ಕೈ ಸೋತರೂ ಡಿಸ್ಕ್ ಖಾಲಿಯಾಗಲಿಲ್ಲವೆಂದು ದೂರುವವರು ಅಲ್ಲಿ ನೋಡಬೇಕು. ಆದರೆ ಪ್ರತಿ ಮಾಡಿದ ನಂತರವೇ!

ಮೂರನೆಯದು, ತೆರೆದ ಕೂಡಲೇ ಹೊಸ ಚಿತ್ರಗಳನ್ನು ಹುಡುಕುವ ಕೆಲಸ. ಡಿಜಿಕ್ಯಾಮ್ ಪ್ರತಿ ಸಲ ಆರಂಭವಾಗುವಾಗ ಫೋಲ್ಡರ್‌ಗಳನ್ನು ಪರಿಶೀಲಿಸುತ್ತದೆ. ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ ಆ ಗುರುತು ತೆಗೆಯಬಹುದು. ಹೊಸ ಚಿತ್ರ ಸೇರಿಸಿದ ದಿನ ಮಾತ್ರ ನಾವೇ ಹುಡುಕಲು ಹೇಳಿದರಾಯಿತು. ಇದರ ಜೊತೆಗೆ ಅವಳು ಮುಖ ಗುರುತಿಸುವ ಕೆಲಸವನ್ನೂ ಹಚ್ಚಿಟ್ಟಿದ್ದಳು. ಸಾವಿರಾರು ಚಿತ್ರಗಳಲ್ಲಿ ಮುಖ ಹುಡುಕುವುದು ದೊಡ್ಡ ಕೆಲಸ. ಥಂಬ್‌ನೇಲ್ ಹೊಸದಾಗಿ ಮಾಡುವುದೂ ಹಾಗೆಯೇ. ಇಂತಹವನ್ನು ರಾತ್ರಿ ಮಲಗುವಾಗ ಹಚ್ಚಿಡಿ. ಅಕ್ಕಿ ನೆನೆಹಾಕಿದಂತೆ, ಬೆಳಿಗ್ಗೆಗೆ ಸಿದ್ಧವಾಗಿರುತ್ತದೆ.

ಅಸರ್ ನಮಾಝಿನ ವೇಳೆಗೆ ಲ್ಯಾಪ್‌ಟಾಪ್ ಸರಿಯಾಯಿತು. ಐದು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಅರ್ಧ ನಿಮಿಷದಲ್ಲಿ ತೆರೆಯಿತು. ಅಳಿಸಿದ ಫೋಟೋ ಒಂದೂ ಇಲ್ಲ.

ಮಡಚಿದ ಜಮಖಾನೆ

ಆದರೆ ಒಂದು ತೊಂದರೆ ಉಳಿಯಿತು. ಚಿತ್ರ ನೋಡಲು ಬೇಗ, ತಿದ್ದಲು ನಿಧಾನ. ಅಜ್ಜಿಯ ಚಿತ್ರದ ಬೆಳಕು ಹೆಚ್ಚಿಸಲು ಹೊರಟರೆ ಲ್ಯಾಪ್‌ಟಾಪ್ ಮತ್ತೆ ಏದುಸಿರು ಬಿಟ್ಟಿತು. ಈ ಸಲ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ತುಂಬಿತ್ತು.

"ಈ ಫೋಟೋ ಬರೇ 4 ಎಂಬಿ ಅಲ್ಲವೇ ಟೀಚರ್?" ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಮಡಚಿಟ್ಟ ಜಮಖಾನೆ ಕಪಾಟಿನ ಮೂಲೆಯಲ್ಲಿ ಹಿಡಿಯುತ್ತದೆ. ಬಿಡಿಸಿ ಹಾಸಿದರೆ ಇಡೀ ಚಾವಡಿ ಬೇಕು. ಜೆಪೆಗ್ ಚಿತ್ರ ಮಡಚಿಟ್ಟ ಜಮಖಾನೆ. 12 ಮೆಗಾಪಿಕ್ಸೆಲ್ ಚಿತ್ರವೆಂದರೆ 4000 ಅಗಲ, 3000 ಎತ್ತರ, ಒಟ್ಟು 1.2 ಕೋಟಿ ಚುಕ್ಕೆಗಳು. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಹಿಡಿದರೂ ಸುಮಾರು 36 ಎಂಬಿ. ತಿದ್ದಿದ ಪ್ರತಿ ಹೆಜ್ಜೆಯನ್ನು ಹಿಂದಕ್ಕೆ ಪಡೆಯಲು ಸಾಫ್ಟ್‌ವೇರ್ ಹಳೆಯ ರೂಪಗಳನ್ನೂ ಇಟ್ಟುಕೊಳ್ಳಬೇಕು. ಅವಳ ಲ್ಯಾಪ್‌ಟಾಪಿನಲ್ಲಿದ್ದದ್ದು 4 ಜಿಬಿ ರ್‍ಯಾಮ್. ಅದರಲ್ಲಿಯೇ ವಿಂಡೋಸ್, ಹತ್ತು ಪುಟ ತೆರೆದ ಬ್ರೌಸರ್, ಆಂಟಿವೈರಸ್ ಎಲ್ಲವೂ ಕುಳಿತಿದ್ದವು. ಚಾವಡಿ ತುಂಬಿದಾಗ ಕಂಪ್ಯೂಟರ್ ಸಾಮಾನುಗಳನ್ನು ಡಿಸ್ಕಿಗೆ ಹೊತ್ತು ಹಾಕಿ ಮತ್ತೆ ಹೊತ್ತು ತರುತ್ತದೆ. ನಿಧಾನವಾಗುವುದು ಆಗಲೇ.

ಆದ್ದರಿಂದ ಫೋಟೋ ತಿದ್ದುವಾಗ ಬ್ರೌಸರ್ ಮುಚ್ಚಿ. ಒಂದು ಸಲಕ್ಕೆ ಒಂದೇ ಚಿತ್ರ ತೆರೆಯಿರಿ. ಸಾಧ್ಯವಿದ್ದರೆ ರ್‍ಯಾಮ್ ಹೆಚ್ಚಿಸಿ. ರ್‍ಯಾಮ್ ಕೂರಿಸಲು ಅಂಗಡಿಗೆ ಹೋಗಲೇಬೇಕೆಂದರೆ ಫೋಟೋಗಳ ಡಿಸ್ಕ್ ಮನೆಯಲ್ಲಿರಲಿ, ನೀವು ಅಲ್ಲಿಯೇ ಕುಳಿತಿದ್ದು ಕೆಲಸ ಮುಗಿಸಿಕೊಂಡು ಬನ್ನಿ. ಅದು ಹೆಚ್ಚು ಹೊತ್ತಿನ ಕೆಲಸವಲ್ಲ. ಯಾರಾದರೂ ಫಾರ್ಮ್ಯಾಟ್ ಎಂಬ ಮಾತೆತ್ತಿದರೆ, "ಮೊದಲು ಪ್ರತಿ" ಎಂದು ಹೇಳಲು ಸಂಕೋಚ ಬೇಡ. ನಾನು ಹೇಳದೆ ಕಳೆದುಕೊಂಡೆ.

ಕೊನೆಯದಾಗಿ ಒಂದು ಮಾತು. ನಿಮ್ಮ ಮನೆಯಲ್ಲಿ ಈ ಕೆಲಸ ಯಾರಿಗೆ ಗೊತ್ತು? "ಅವರಿಗೆ ಗೊತ್ತು, ಅವರು ಊರಿಗೆ ಬಂದಾಗ ನೋಡುತ್ತಾರೆ" ಎಂದು ಎಷ್ಟೋ ಸಹೋದರಿಯರು ಹೇಳುವುದನ್ನು ಕೇಳಿದ್ದೇನೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರಿಗಾಗಿ ಹಾರ್ಡ್ ಡಿಸ್ಕ್ ಕಾಯುವುದಿಲ್ಲ. ಅದು ಹೇಳಿ ಕೇಳಿ ಕೆಡುವ ವಸ್ತುವೂ ಅಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಕಲಿಯಿರಿ. ಡೇಟಾಬೇಸ್ ಎಲ್ಲಿದೆ, ಫೋಟೋ ಎಲ್ಲಿದೆ, ಪ್ರತಿ ಎಲ್ಲಿದೆ ಎಂಬ ಮೂರು ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಒಳಗಿನಿಂದ ಅಂಟಿಸಿ.

ಆ ಹುಡುಗಿ ಹೊರಡುವ ಮೊದಲು ತಿದ್ದಿ ಮುಗಿಸಿದ ಅಜ್ಜಿಯ ಚಿತ್ರವನ್ನು ನನಗೆ ತೋರಿಸಿದಳು. ಅಡುಗೆಮನೆಯ ಮಬ್ಬು ಬೆಳಕಿನಲ್ಲಿ ಅಜ್ಜಿ ಪತ್ತಿರಿ ತಟ್ಟುತ್ತಿದ್ದರು. ಬೆಳಕು ಹೆಚ್ಚಿಸಿದಾಗ ಅವರ ಹಿಂದೆ ಬಾಗಿಲ ಬಳಿ ನಿಂತಿದ್ದ ಪುಟ್ಟ ಮಗುವೊಂದು ಕಾಣಿಸಿತು. "ಅದು ನಾನು ಟೀಚರ್" ಎಂದಳು. ಅಷ್ಟು ವರ್ಷ ಅವಳು ಅದನ್ನು ಗಮನಿಸಿಯೇ ಇರಲಿಲ್ಲ. ತಮ್ಮನ ಮಾತು ಕೇಳಿ ಅಳಿಸಲು ಹೊರಟಿದ್ದ ಚಿತ್ರಗಳಲ್ಲಿ ಅದೂ ಒಂದಾಗಿತ್ತು.