ಬುಲ್ಸ್‌ಗೆ ಬೇಕಿರೋದು ಇನ್ನೊಬ್ಬ ಸ್ಟಾರ್ ಅಲ್ಲ

ಪ್ರೊ ಕಬಡ್ಡಿ 12ನೇ ಸೀಸನ್‌ನ ಹರಾಜು 2025ರ ಮೇ 31 ಮತ್ತು ಜೂನ್ 1ಕ್ಕೆ ಮುಂಬೈನಲ್ಲಿ ನಡೆಯಿತು. ಅದಕ್ಕೂ ಮುಂಚೆ ಅರಸೀಕೆರೆ ಕಡೆ ಕಬಡ್ಡಿ ನೋಡುವ ಯಾರನ್ನೇ ಮಾತಾಡಿಸಿದರೂ, ಒಂದೇ ಪ್ರಶ್ನೆ: "ಬೆಂಗಳೂರು ಬುಲ್ಸ್ ಈ ಸಲ ಯಾರನ್ನ ತಗೊಳ್ತಾರೆ?" ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು.

2024ರ ಸೀಸನ್‌ನಲ್ಲಿ ಬುಲ್ಸ್ 22 ಪಂದ್ಯ ಆಡಿ ಗೆದ್ದಿದ್ದು ಎರಡೇ ಎರಡು. 12 ತಂಡಗಳಲ್ಲಿ ಕೊನೇ ಸ್ಥಾನ. ಅದರ ಹಿಂದಿನ ವರ್ಷ 8ನೆಯದು. ಹಾಗಂತ ದುಡ್ಡು ಖರ್ಚು ಮಾಡಿರಲಿಲ್ಲವಾ? ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಪರ್ದೀಪ್ ನರ್ವಾಲ್‌ಗೆ 70 ಲಕ್ಷ ಸುರಿದಿದ್ದರು. ಒಂದು ತಂಡಕ್ಕಿದ್ದ ಮಿತಿ 5 ಕೋಟಿ. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಣ ಇಬ್ಬರೇ ರೈಡರ್‌ಗಳ ಮೇಲೆ! ಇಂಜಿನಿಯರಿಂಗ್ ಓದುವಾಗ ಮೊದಲು ಹೇಳಿಕೊಡೋದೇ ಇಡೀ ಭಾರವನ್ನ ಒಂದೆರಡು ಕಂಬಕ್ಕೆ ಹಾಕಬೇಡಿ ಅಂತ. ಕಬಡ್ಡಿಯಲ್ಲಂತೂ ಈ ಅಪಾಯ ಇನ್ನೂ ಜಾಸ್ತಿ. ಮುಖ್ಯ ರೈಡರ್ ಔಟಾಗಿ ಹೊರಗೆ ಕೂತರೆ, ಉಳಿದವರು ಪಾಯಿಂಟ್ ತಂದು ಬದುಕಿಸುವವರೆಗೂ ಆತ ಕೂತೇ ಇರಬೇಕು. ಉಳಿದವರ ಕೈಲಿ ಆಗಲಿಲ್ಲ ಅಂದ್ರೆ ಆಲೌಟ್. ಬುಲ್ಸ್‌ಗೆ ಆಗಿದ್ದು ಬಹುಮಟ್ಟಿಗೆ ಇದೇ.

ಒಂದೇ ಹೆಸರಿನ ಮೇಲೆ ಗೆದ್ದ ಉದಾಹರಣೆ ಇಲ್ಲವೇ ಅಂದರೆ, ಇದೆ. 2019ರ ಜನವರಿ 5ರ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದು ಗುಜರಾತನ್ನು 38-33ರಿಂದ ಮಣಿಸಿದ್ದರು. ಆದರೆ ಅಂಥವರು ಎಷ್ಟು ಜನ ಸಿಗ್ತಾರೆ? ಸಿಕ್ಕರೂ ಉಳೀತಾರಾ? 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಪವನ್‌ರನ್ನು ಕರ್ಕೊಂಡು ಹೋಯ್ತು.

2025ರ ಒಳ್ಳೆ ಸುದ್ದಿ ಅಂದರೆ ಹೊಸ ಕೋಚ್ ಆಗಿ ಬಂದ ಬಿ.ಸಿ. ರಮೇಶ್. ನಮ್ಮವರೇ, ಅರ್ಜುನ ಪ್ರಶಸ್ತಿ ಪಡೆದವರು. 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್, ಎರಡೂ ಕಪ್ ಗೆದ್ದಾಗ ಕೋಚ್ ಇವರೇ. ಪುಣೆಯವರು ಶಾದ್ಲೂಯಿಗೆ 2.35 ಕೋಟಿ ಕೊಟ್ಟಿದ್ದರು, ಅದನ್ನ ಮರೆಯೋ ಹಾಗಿಲ್ಲ. ಆದರೆ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಥರದವರು ಆ ತಂಡದ 'ಯುವ ಪಲ್ಟನ್'ನಲ್ಲೇ ಬೆಳೆದ ಹುಡುಗರು. ಬುಲ್ಸ್ ರಮೇಶ್ ಅವರನ್ನ ಕರೆದಿದ್ದಾರೆ ಸರಿ, ಅಂಥದ್ದೊಂದು ವ್ಯವಸ್ಥೆ ಕಟ್ಟಿಕೊಡ್ತಾರಾ?

ಹುಡುಗರಿಗೇನು ಬರವಿಲ್ಲ. ಬೇಲೂರು, ಹಳೇಬೀಡು ಕಡೆ ಗಣೇಶೋತ್ಸವ, ಜಾತ್ರೆ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ ಇದ್ದೇ ಇರುತ್ತೆ. ಆದರೆ ಆಡೋದು ಮಣ್ಣಿನಂಕಣದಲ್ಲಿ, ಬರಿಗಾಲಲ್ಲಿ. ಪ್ರೊ ಕಬಡ್ಡಿ ಇರೋದು ಮ್ಯಾಟ್ ಮೇಲೆ, ಶೂ ಹಾಕ್ಕೊಂಡು. ಕಾಲಿನ ಹಿಡಿತ, ತಿರುಗೋ ವೇಗ, ಬೀಳೋ ರೀತಿ ಎಲ್ಲಾ ಬೇರೆ. ಆ ನಡುವಿನ ಒಂದೆರಡು ವರ್ಷ ಯಾರಾದರೂ ಕೈಹಿಡಿಯಬೇಕು. ಇಲ್ಲಾಂದ್ರೆ ಪಿಯುಸಿ ಮುಗಿಸಿದ ಹುಡುಗ ತೆಂಗಿನ ತೋಟಕ್ಕೋ ಬೆಂಗಳೂರಿನ ಯಾವುದೋ ಗೋಡೌನಿಗೋ ಹೋಗ್ತಾನೆ. ಗಗನ ಗೌಡ ಕರ್ನಾಟಕದವರೇ, ಆದರೆ 2024ರಲ್ಲಿ ರೈಡ್ ಮಾಡಿದ್ದು ಯುಪಿ ಯೋಧಾಸ್‌ಗೆ. ಆ ತಂಡ ಆ ಸಲ ಸೆಮಿಫೈನಲ್‌ವರೆಗೆ ಹೋಯ್ತು.

ಇನ್ನೊಂದು ವಿಷಯ, ಮನೆ ಅಂಗಳದ್ದು. ಬುಲ್ಸ್ 'ತವರಿನ' ಪಂದ್ಯಗಳನ್ನ 2017ರಲ್ಲಿ ನಾಗ್ಪುರದಲ್ಲಿ, ಕಪ್ ಗೆದ್ದ ಸೀಸನ್‌ನಲ್ಲಿ ಪುಣೆಯಲ್ಲಿ ಆಡಿತ್ತು. 8ನೇ ಸೀಸನ್ ಪೂರ್ತಿ ಬೆಂಗಳೂರಲ್ಲೇ ನಡೆದರೂ, ಕೋವಿಡ್‌ನಿಂದಾಗಿ ವೈಟ್‌ಫೀಲ್ಡ್ ಹೋಟೆಲಿನೊಳಗೆ, ಪ್ರೇಕ್ಷಕರಿಲ್ಲದೆ. ಆಮೇಲೆ ಎರಡು ಸೀಸನ್ ಕಂಠೀರವಕ್ಕೆ ಪಂದ್ಯ ಬಂದವು. 2024ರಲ್ಲಿ ಮತ್ತೆ ಹೈದರಾಬಾದ್, ನೋಯ್ಡಾ, ಪುಣೆ. ಹಳೇಬೀಡಿನ ನಂದಿ ಒಂಬೈನೂರು ವರ್ಷದಿಂದ ಕೂತಲ್ಲೇ ಕೂತಿದೆ, ಬೆಂಗಳೂರಿನ ಗೂಳಿಗೆ ಮಾತ್ರ ಕೊಟ್ಟಿಗೆ ಇಲ್ಲ! ಅರಸೀಕೆರೆಯಲ್ಲಿ ಬೆಳಿಗ್ಗೆ ರೈಲು ಹತ್ತಿದ ಹುಡುಗ ಸಂಜೆ ಪಂದ್ಯಕ್ಕೆ ಕಂಠೀರವದಲ್ಲಿ ಇರಬಹುದು. ಮ್ಯಾಟ್ ಮೇಲಿನ ಆಟವನ್ನ ಅವನು ಹತ್ತಿರದಿಂದ ನೋಡೋಕೆ ಇರೋ ದಾರಿ ಅದೊಂದೇ. ಸ್ಥಳ ನಿರ್ಧರಿಸೋದು ಲೀಗ್, ನಿಜ. ಆದರೆ ಫ್ರಾಂಚೈಸಿ, ರಾಜ್ಯದ ಕ್ರೀಡಾ ಇಲಾಖೆ ಇಬ್ಬರೂ ಈಗಲೇ ಪಟ್ಟು ಹಿಡಿಯಬೇಕಲ್ಲ?

ಹರಾಜಿನ ಮೊದಲ ದಿನ ಕೋಟಿಗಳ ಸದ್ದು ಇದ್ದೇ ಇರುತ್ತೆ. ನಾನು ಕಾದಿದ್ದು ಎರಡನೇ ದಿನಕ್ಕೆ. ಆಂಕರ್‌ಗಳಿಗೂ ಸುಸ್ತಾಗಿ, 9 ಲಕ್ಷ ಮೂಲಬೆಲೆಯ 'ಡಿ' ವರ್ಗದ ಹೆಸರುಗಳನ್ನ ಒಂದರ ಹಿಂದೊಂದು ಓದ್ತಾ ಇರುವಾಗ ಬುಲ್ಸ್ ಮೇಜಿನಿಂದ ಎಷ್ಟು ಸಲ ಕೈ ಮೇಲೇಳುತ್ತೆ ಅಂತ ಎಣಿಸೋಕೆ.