ಮಾತೃಭಾಷೆಯನ್ನು ಅಳೆಯುವುದು ಹೇಗೆ?

ಭೌತವಿಜ್ಞಾನದ ಉಪನ್ಯಾಸಕನಿಗೆ ಸಮಾಜವಿಜ್ಞಾನದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನಮ್ಮ ಕಡೆಯ ವಿದ್ಯಾರ್ಥಿಗಳು ಅಚ್ಚಾದ ನಮೂನೆಗಳನ್ನು ಹಿಡಿದು ಮನೆಮನೆಗೆ ಹೋಗಿ, ಬಂದ ಉತ್ತರಗಳನ್ನು ಶೇಕಡಾ ಲೆಕ್ಕಕ್ಕಿಳಿಸಿ, ದಶಾಂಶದ ಎರಡು ಸ್ಥಾನಗಳವರೆಗೆ ಬರೆದು ತರುವುದನ್ನು ಕಂಡಾಗ, ಅಳತೆಯೇ ಕಸುಬಾಗಿರುವ ನನ್ನಂಥವನು ಸುಮ್ಮನಿರಲಾರ.

ಒಂದೇ ಪ್ರಶ್ನೆಯನ್ನು ತೆಗೆದುಕೊಳ್ಳೋಣ: "ನಿಮ್ಮ ಮಾತೃಭಾಷೆ ಯಾವುದು?" ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಇದಕ್ಕಿಂತ ಸುಲಭವಾದ ಪ್ರಶ್ನೆಯಿಲ್ಲವೆಂದು ತೋರುತ್ತದೆ, ಇದಕ್ಕಿಂತ ತೊಡಕಿನದೂ ಇಲ್ಲ. ಬಾಲ್ಯದಲ್ಲಿ ತಾಯಿಯು ತನ್ನೊಡನೆ ಆಡಿದ ಭಾಷೆಯೇ ಮಾತೃಭಾಷೆಯೆಂಬುದು ಜನಗಣತಿಯ ಈಗಿನ ವ್ಯಾಖ್ಯೆ. 1901ರಲ್ಲಾದರೋ, ಸಾಮಾನ್ಯವಾಗಿ ಬಳಸುವ ಭಾಷೆ ಯಾವುದೆಂದು ಕೇಳಿದ್ದರು. ಮನೆಯಲ್ಲಿ ತುಳುವನ್ನೂ ಕಚೇರಿಯಲ್ಲಿ ಕನ್ನಡವನ್ನೂ ಆಡುವ ಒಬ್ಬನೇ ಮನುಷ್ಯನು ಈ ಎರಡು ಪ್ರಶ್ನೆಗಳಿಗೆ ಎರಡು ಉತ್ತರಗಳನ್ನು ಕೊಟ್ಟರೆ ಅವನು ಸುಳ್ಳುಗಾರನಲ್ಲ.

ಉತ್ತರ ಬಂದ ಮೇಲೂ ಕೆಲಸ ಮುಗಿಯದು. 2011ರ ಜನಗಣತಿಯಲ್ಲಿ ಜನರು ಬರೆಯಿಸಿದ ಮಾತೃಭಾಷೆಗಳ ಹೆಸರುಗಳು 19,569. ಪರಿಶೋಧಿಸಿದ ಮೇಲೆ ಗುರುತು ಹಿಡಿದು ಉಳಿಸಿಕೊಂಡವು 1,369. ಯಾವ ವರ್ಗಕ್ಕೂ ಸೇರದವು 'ಇತರ' ಎಂಬ ಮೂಟೆಗೆ ಬಿದ್ದುವು. ಅವನ್ನು ಮತ್ತೆ ಗುಂಪುಗೂಡಿಸಿ, ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ಮಂದಿ ಆಡುವ 121 ಭಾಷೆಗಳನ್ನು ಪಟ್ಟಿಮಾಡಿದರು. ತುಳುವಿನ ಹೆಸರಿಗೆ ಬಂದ 18.46 ಲಕ್ಷವೆಂಬ ಅಂಕಿಯು ಈ ಜರಡಿಗಳನ್ನು ದಾಟಿ ಬಂದದ್ದು. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಪ್ರಶ್ನೆಯನ್ನೂ ಜರಡಿಯನ್ನೂ ಮರೆತು ಅಂಕಿಯೊಂದನ್ನೇ ಎತ್ತಿಕೊಂಡರೆ ಅದಕ್ಕೆ ಅರ್ಥವಿಲ್ಲವೆನ್ನುತ್ತೇನೆ.

ಇಲ್ಲಿ ತತ್ತ್ವದ ಪ್ರಶ್ನೆಯೊಂದು ಅಡಗಿದೆ: ಮೊದಲೇ ಇದ್ದ ವಸ್ತುವನ್ನು ಅಳೆಯುತ್ತೇವೆಯೋ, ಕೇಳುವುದರಿಂದಲೇ ಅದಕ್ಕೆ ಆಕಾರ ಕೊಡುತ್ತೇವೆಯೋ? ಉಷ್ಣಮಾಪಕವೂ ತಾನು ಅಳೆಯುವ ಬಿಸಿನೀರಿನಿಂದ ತುಸು ಶಾಖವನ್ನು ಹೀರುವುದುಂಟು. ಆ ದೋಷವನ್ನು ಲೆಕ್ಕಹಾಕಿ ತಿದ್ದಬಹುದು. ತನ್ನನ್ನು ಅಳೆಯುತ್ತಿದ್ದಾರೆಂಬ ಅರಿವು ನೀರಿಗಿಲ್ಲ. ಮನುಷ್ಯನಿಗೆ ಉಂಟು. ತುಳುವನ್ನು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿಸಬೇಕೆಂಬ ಬೇಡಿಕೆಯನ್ನು ಬಲ್ಲವನು, ಅದನ್ನು ಅರಿಯದವನಂತೆ ಉತ್ತರಿಸುವನೆಂದು ನಂಬಲಾಗದು. ವರ್ಗೀಕರಣದಿಂದ ಮನುಷ್ಯರು ಬದಲಾಗಬಹುದು, ಬದಲಾದ ಮನುಷ್ಯರಿಂದ ವರ್ಗವೂ ಬದಲಾಗಬಹುದು ಎಂದು ಕೆನಡದ ತತ್ತ್ವಜ್ಞ ಇಯನ್ ಹ್ಯಾಕಿಂಗ್ ವಾದಿಸಿದ್ದು ಇದನ್ನೇ.

ಇಷ್ಟರಿಂದಲೇ ಸಮಾಜಸಂಶೋಧನೆಯು ವಿಜ್ಞಾನವಲ್ಲವೆಂದು ನಮ್ಮ ವಿಭಾಗದವರು ಮೂಗು ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ಉಪಕರಣದ ವಿವರವಿಲ್ಲದ ಅಳತೆಗೆ ನಮ್ಮ ಪ್ರಯೋಗಶಾಲೆಯಲ್ಲಿ ಅಂಕ ಕೊಡುವುದಿಲ್ಲ. ಸಮೀಕ್ಷೆಯಲ್ಲಿ ಉಪಕರಣವೆಂದರೆ ಪ್ರಶ್ನೆಯೇ. ಅದನ್ನು ಯಾವ ಭಾಷೆಯಲ್ಲಿ, ಯಾರು, ಯಾರ ಎದುರಿನಲ್ಲಿ ಕೇಳಿದರೆಂಬುದು ವರದಿಯ ಮೊದಲ ಪುಟದಲ್ಲಿಯೇ ಬರಬೇಕು. ತುಳು ಮಾತ್ರ ಬಲ್ಲ ಅಜ್ಜಿಗೆ ಕನ್ನಡದ ನಮೂನೆಯನ್ನು ಮೊಮ್ಮಗನು ತಿಳಿಯಹೇಳಿದ್ದಾದರೆ, ಆ ಸಂಗತಿಯೂ ಅಲ್ಲಿ ಇರಲಿ.