ಹಾದಿಬದಿಯ ಹಿತವಚನ

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ಶಿರಾಡಿ ಘಾಟಿಯತ್ತ ಸಾಗಿದರೆ, ಮತ್ತೊಂದು ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿಯ ತಿರುವುಗಳನ್ನೇರುತ್ತದೆ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹಾದಿ ಬೇರೆಯಾದರೂ ಅದರ ಸ್ವಭಾವ ಬೇರೆಯಲ್ಲ: ಅಲ್ಲಿಯೂ ತಿರುವು, ಅಲ್ಲಿಯೂ ಇಳಿಜಾರು, ರಸ್ತೆಗೆ ಆತುಕೊಂಡೇ ಅಂಗಡಿ, ಶಾಲೆ, ಬಸ್ಸಿನ ತಂಗುದಾಣ.

ಈ ನೆಲದ ಬಸ್ ಚಾಲಕನಿಗೆ ಪ್ರತಿಯೊಂದು ತಿರುವೂ ಕಂಠಪಾಠ. ಆದರೆ ಧರ್ಮಸ್ಥಳದ ದರ್ಶನಕ್ಕೋ ಸಾವಿರ ಕಂಬದ ಬಸದಿಯನ್ನು ನೋಡಲೋ ಬರುವ ಪರಸ್ಥಳದವನಿಗೆ ಹಾದಿಬದಿಯ ಫಲಕವೊಂದೇ ಹಿತವರಿತ ಬಂಧು. ಕೆಂಪಂಚಿನ ತ್ರಿಕೋನ ಎಚ್ಚರಿಸುತ್ತದೆ. ಕೆಂಪು ವೃತ್ತದೊಳಗಿನ ಅಂಕಿ ಆಜ್ಞಾಪಿಸುತ್ತದೆ. ಕನ್ನಡವರಿಯದವನಿಗೂ ಅವುಗಳ ಭಾಷೆ ತಿಳಿಯುತ್ತದೆ.

ತಿಳಿದೂ ಅವನು ವೇಗವನ್ನು ತಗ್ಗಿಸುವುದಿಲ್ಲವೇಕೆ? ಅಗಲವಾದ ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿ ಬಂದವನಿಗೆ ಗಂಟೆಗೆ 60 ಕಿಲೋಮೀಟರ್ ಆಮೆಯ ನಡಿಗೆಯೆನಿಸುತ್ತದೆ. ಆದರೆ ಆ ನಡಿಗೆಯಲ್ಲಿಯೇ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಕಾಲು ಬ್ರೇಕನ್ನು ಮುಟ್ಟುವ ಮೊದಲೇ ಕಳೆದುಹೋಗುವ ದೂರ ಬೇರೆ.

ಇನ್ನೊಂದು ಕಾರಣವೂ ಉಂಟು. ಕಾಮಗಾರಿ ಮುಗಿದ ಮೇಲೂ ನಿಂತೇ ಇರುವ 'ನಿಧಾನವಾಗಿ ಚಲಿಸಿ' ಎಂಬ ಫಲಕ, ತಿರುವಿಲ್ಲದಲ್ಲಿ ತಿರುವನ್ನು ಸಾರುವ ಫಲಕ—ಇವು ಸುಳ್ಳು ಸಾಕ್ಷಿಗಳು. ನಾಲ್ಕು ಬಾರಿ ಮೋಸಹೋದವನು ಐದನೆಯ ಬಾರಿ ನಿಜವನ್ನೂ ನಂಬಲಾರ. ಫಲಕದ ಬಲವಿರುವುದು ಬಣ್ಣದಲ್ಲಲ್ಲ, ವಿಶ್ವಾಸದಲ್ಲಿ. ಆದುದರಿಂದಲೇ ಅದು ಅಪಾಯಕ್ಕೆ ಸಾಕಷ್ಟು ಮುಂಚೆ ಕಾಣಬೇಕು. ಕಾರಣ ಕಣ್ಣಿಗೆ ಗೋಚರವಾಗುವಂತಿರಬೇಕು. ತಿರುವಿನ ಹೊರ ಅಂಚಿನಲ್ಲಿ ಸಾಲಾಗಿ ನಿಂತ ಬಾಣದ ಗುರುತುಗಳು ತಿರುವಿನ ಆಕಾರವನ್ನೇ ಬರೆದು ತೋರಿಸುತ್ತವೆ. ಅನೇಕ ದೇಶಗಳಲ್ಲಿ, ಬರುತ್ತಿರುವ ವಾಹನದ ವೇಗವನ್ನು ಅಳೆದು ಚಾಲಕನಿಗೇ ತೋರಿಸುವ ವಿದ್ಯುತ್ ಫಲಕಗಳಿವೆ. ಅವು ಗದರಿಸುವುದಿಲ್ಲ; ಕನ್ನಡಿ ಹಿಡಿಯುತ್ತವೆ, ಅಷ್ಟೆ.

ಸಂಚಾರ ಫಲಕವನ್ನು ಬೇಕೆಂದೇ ಕೀಳುವುದನ್ನೂ ವಿರೂಪಗೊಳಿಸುವುದನ್ನೂ 1988ರ ಮೋಟಾರು ವಾಹನಗಳ ಕಾಯಿದೆ ನಿಷೇಧಿಸಿದೆ. ಆದರೆ ಕರಾವಳಿಯ ಮಳೆಗಾಲ ಯಾವ ಕಾಯಿದೆಗೂ ಬಗ್ಗದು. ಎರಡು ತಿಂಗಳ ಮಳೆಗೆ ಬಳ್ಳಿ ಕಂಬವನ್ನೇರುತ್ತದೆ. ಉಳಿದ ಭಾಗಕ್ಕೆ ಜಾತ್ರೆಯ, ಚುನಾವಣೆಯ ಭಿತ್ತಿಪತ್ರಗಳು ಮೆತ್ತಿಕೊಳ್ಳುತ್ತವೆ. ಆ ಬಳ್ಳಿಯನ್ನು ಸವರಲು ಒಂದು ಕತ್ತಿ, ಅರ್ಧ ಗಳಿಗೆ ಸಾಕು. ಅದರ ಮರೆಯಲ್ಲಿರುವುದು ಕೈಕೈ ಹಿಡಿದು ರಸ್ತೆ ದಾಟುವ ಇಬ್ಬರು ಮಕ್ಕಳ ಚಿತ್ರವಾಗಿರಬಹುದು. ನೂರು ಗಜ ಮುಂದೆ ಆ ಮಕ್ಕಳೇ ನಿಂತಿರಬಹುದು.